ಬೆಟ್ಟದ ಮೇಲಿನ ಪ್ರಾಣಿಧಾಮ

ಮಗಳು ತೀರಿಕೊಂಡು ಎರಡು ವರ್ಷವಾಗಿತ್ತು. ಈರಪ್ಪ ಹಿಮಾಲಯದಲ್ಲಿ ರಸ್ತೆ ಮಾಡಿಸುವ ನೌಕರಿ ಬಿಟ್ಟು ಧಾರವಾಡಕ್ಕೆ ಮರಳಿದ ಮೇಲೆ ಹೆಂಡತಿ ಕಸ್ತೂರಿ ಹೊಸ್ತಿಲು ದಾಟಿದವಳಲ್ಲ. ಹಾಗಿದ್ದವಳು ಒಂದು ಮುಂಜಾನೆ ತಾನಾಗಿಯೇ, "ರೀ, ಸೂಟಿಯೊಳಗ ಮಗನ್ನ ಕರಕೊಂಡು ಅಲ್ಲಿ ಬೆಟ್ಟದ ಮ್ಯಾಲಿನ ಪ್ರಾಣಿಧಾಮಕ್ಕ ಹೋಗೂಣೇನ್ರಿ?" ಎಂದಾಗ ಅವನಿಗೆ ಹೋದ ಜೀವ ಬಂದಂತಾಯಿತು.

ಅವತ್ತೇ ರೈಲಿನಲ್ಲಿ ಮೂರು ಸೀಟು ಕಾಯ್ದಿರಿಸಿದ. ಮಗನಿಗೆ ಉಣ್ಣೆಯ ಟೋಪಿ ತಂದ. ಪ್ರಾಣಿಧಾಮಕ್ಕೆ ಫೋನು ಹಚ್ಚಿ ತನಗೆ ಬರುವ ಹಿಂದಿಯಲ್ಲಿ ಎಲ್ಲ ವಿಚಾರಿಸಿದ.

"ಮೇ ತಿಂಗಳಿಗೆ ಹಾದಿಯ ಹಿಮ ಕರಗಿರತೈತಂತ. ಕರಡಿ ಅದಾವಂತ, ಕೆಂಪು ಪಾಂಡಾ ಅದಾವಂತ," ಎಂದು ಹುರುಪಿನಿಂದ ಹೇಳಿದ.

"ಚಿರತಿ?"

"ಒಂದೈತಂತ. ಗಾಜಿನ ಆಚೀಕಡೆ, ಮಾರು ದೂರದಾಗ ಕಾಣತೈತಂತ."

"ನಮ್ಮ ಕ್ವಾರ್ಟರ್ಸ್ ಹಿಂದ ಬೋನು ಇಟ್ಟು ಹಿಡದ್ರಲ್ಲ, ಅದೇ ಹೌದಲ್ರೀ?"

ಆ ಪ್ರಾಣಿಯ ಸುದ್ದಿಯನ್ನು ಇಷ್ಟು ದಿನ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಈರಪ್ಪ ಅವಳ ಪಕ್ಕದಲ್ಲಿ ಬಂದು ಕುಳಿತ.

"ಬ್ಯಾಡ ಕಸ್ತೂರಿ. ಅದು ತಿಳುವಳಿಕಿ ಇಲ್ಲದ ಪ್ರಾಣಿ. ಅದಕ್ಕ ಶಾಪ ಹಾಕಿದ್ರ ನಮ್ಮ ಕೂಸು ತಿರುಗಿ ಬರತೈತೇನು?"

"ಶಾಪ ಹಾಕಾಕ ಅಲ್ರೀ," ಮಗನ ಸ್ವೆಟರ್ ಮಡಚುತ್ತಲೇ ಅವಳು ಹೇಳಿದಳು. "ನಮ್ಮ ಕೂಸು ಕಡೀಕ ನೋಡಿದ ಮುಖ ಅದು. ನಾನೂ ಒಮ್ಮೆ ನೋಡಬೇಕು."