ನೀಲವ್ವನ ತೋಳು

ಬಿ.ಪಿ. ನೋಡದೆ ಹುಬ್ಬಳ್ಳಿಯ ಯಾವ ಮನೆಯ ಬಾಗಿಲೂ ಬೆಳಿಗ್ಗೆ ತೆರೆಯುವುದಿಲ್ಲ. ಯಜಮಾನ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತು ತೋಳಿಗೆ ಪಟ್ಟಿ ಸುತ್ತಿಕೊಳ್ಳುತ್ತಾನೆ. ಅವನದು ಸರಿಯಿದ್ದರೆ ಮನೆಮಂದಿಯೆಲ್ಲ ಹೊರಗೆ ಹೋಗಬಹುದು.

ಇಂದು ಈರಸಂಗಪ್ಪನ ಅಂಕಿ ಇಳಿಯಲೊಲ್ಲದು. ಮಗಳಿಗೆ ಹೆರಿಗೆ ನೋವು ಶುರುವಾಗಿದೆ ಎಂದು ಆಸ್ಪತ್ರೆಯಿಂದ ಅಳಿಯ ಫೋನ್ ಮಾಡಿದ್ದ. ಮತ್ತೆ ನೋಡಿದರೂ ಬಾಗಿಲ ಮೇಲೆ ಕೆಂಪು ದೀಪವೇ.

“ಮಾತಾಡಬ್ಯಾಡ್ರಿ, ಸುಮ್ನ ಉಸಿರು ಬಿಡ್ರಿ,” ಎಂದಳು ಹೆಂಡತಿ ನೀಲವ್ವ.

“ಅಂಜಿಕಿ ಇಳದರ ಅದೂ ಇಳೀತೈತಿ. ಬಾಗಲಾ ತೆರೀದಿದ್ರ ಅಂಜಿಕಿ ಹೆಂಗ ಇಳೀತೈತಿ?”

“ಏಳ್ರಿ, ನಾ ಕುಂದರತೀನಿ. ನನಗೇನಾಗೈತಿ?”

ಲಗ್ನವಾದಾಗಿನಿಂದ ಅವಳು ಆ ಕುರ್ಚಿಯಲ್ಲಿ ಕುಳಿತದ್ದೇ ಇಲ್ಲ. ಪಟ್ಟಿ ಉಬ್ಬಿತು, ಬಿಗಿಯಿತು, ಸಡಿಲಾಯಿತು. ದೀಪ ಕೆಂಪನ್ನೂ ದಾಟಿ, ಇಬ್ಬರೂ ಎಂದೂ ನೋಡದ ನೇರಳೆ ಬಣ್ಣಕ್ಕೆ ತಿರುಗಿತು. ಅಂಕಿ ಇನ್ನೂರ ಹತ್ತು.

“ಅಲುಗಾಡಬೇಡಿ, ಆಂಬುಲೆನ್ಸ್ ಬರುತ್ತಿದೆ,” ಎಂದಿತು ಬಾಗಿಲು.

ಈರಸಂಗಪ್ಪ ಅವಳ ಕುರ್ಚಿಯ ಪಕ್ಕ ಕುಳಿತ. “ದಿನಾ ತಲಿನೋವು ಅಂತಿದ್ದೆಲ್ಲ...”

“ನಿದ್ದಿಗೆಟ್ಟು ಅಂತ ತಿಳಕೊಂಡಿದ್ದೆ.”

ಬಾಗಿಲು ತಾನಾಗಿ ತೆರೆಯಿತು. ಸ್ಟ್ರೆಚರ್ ತಂದ ಹುಡುಗನನ್ನು ನೀಲವ್ವ ಆಸೆಯಿಂದ ಕೇಳಿದಳು:

“ನನ್ನ ಮಗಳಿರೋ ದವಾಖಾನಿಗೇ ಒಯ್ತೀರಿ, ಹೌದಲ್ಲಪಾ?”