ನಾಡಿ ಎಪ್ಪತ್ತೆರಡು

ಮುದುಕಿ ನಟಿಸುತ್ತಿದ್ದಾಳೆ ಎಂಬುದು ಗುಬ್ಬಿಗೆ ಎರಡೇ ನಿಮಿಷದಲ್ಲಿ ಗೊತ್ತಾಯಿತು.

ಮುಂಗೈ ಹಿಡಿದು, ಎದುರಿನ ಗಡಿಯಾರ ನೋಡುತ್ತ ನಾಡಿ ಎಣಿಸಿದ್ದಳು. ಎಪ್ಪತ್ತೆರಡು. ಒಂದು ಬಡಿತ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬಾಯಲ್ಲಿ ಮಾತ್ರ ಕಲ್ಲೂ ಕರಗುವ ನರಳಿಕೆ.

ಸಿಕ್ಕಿಬಿದ್ದಿರಿ ಮೇಡಂ, ಎಂದುಕೊಂಡಳು ಗುಬ್ಬಿ, ಒಳಗೊಳಗೇ.

ನರ್ಸಿಂಗ್ ಕಾಲೇಜಿನ ಉದ್ದನೆಯ ಕಾರಿಡಾರು. ಕೊನೆಯಲ್ಲಿ ಸಂದರ್ಶನದ ಕೋಣೆ. ಬಾಗಿಲ ಪಕ್ಕ ಅಂಟಿಸಿದ ಕಾಗದ: ‘ಮೂರು ಸಲ ಕರೆದರೂ ಬಾರದವರ ಸರದಿ ಮುಂದಿನವರಿಗೆ.’ ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಉಳಿದದ್ದು ಒಂದೇ ಸೀಟು. ಕಾಯುವ ಪಟ್ಟಿಯ ಮೊದಲ ಮೂವರು ಬೇರೆಡೆ ಸೇರಿಯಾಗಿತ್ತು. ನಾಲ್ಕನೇ ನಂಬರು ಗುಬ್ಬಿಯದು. ಐದನೆಯವಳು ಆಚೆ ಬೆಂಚಿನಲ್ಲಿ ನೀಲಿ ಫೈಲು ಅಪ್ಪಿಕೊಂಡು ನೆಲ ನೋಡುತ್ತಿದ್ದಳು. ಮುದುಕಿ ಅಷ್ಟು ನರಳಿದರೂ ತಲೆಯೆತ್ತಿರಲಿಲ್ಲ. ಕಲ್ಲುಮನಸ್ಸಿನವಳು! ಇಂಥವಳಿಗೆ ನರ್ಸ್ ಆಗುವ ಆಸೆ ಬೇರೆ.

ಕಳೆದ ವರ್ಷವೂ ಗುಬ್ಬಿ ಇದೇ ಬಾಗಿಲು ದಾಟಿದ್ದಳು. ‘ನರ್ಸ್ ಯಾಕಾಗಬೇಕು?’ ಎಂದು ಕೇಳಿದಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಬರಿಗೈಯಲ್ಲಿ ಮನೆಗೆ ಬಂದಿದ್ದಳು. ಇವತ್ತು ಹೊರಡುವಾಗ ಅಮ್ಮ ಖಡಾಖಂಡಿತವಾಗಿ ಹೇಳಿದ್ದಳು: “ಈ ಸಲವೂ ಬಾಯಿ ಬಿಡದೆ ಬಂದ್ಯೋ, ಸೋಮವಾರದಿಂದ ಚಿಕ್ಕಪ್ಪನ ಅಂಗಡೀಲಿ ಬಟ್ಟೆ ಮಡಚು. ಕನಸು ಕಾಣೋಕೆ ಅಲ್ಲೂ ಬೇಕಾದಷ್ಟು ಹೊತ್ತಿರುತ್ತೆ.”

ಆದರೆ ಈ ಸಲ ಗುಬ್ಬಿಯ ಹತ್ತಿರ ಒಂದು ಗುಟ್ಟಿತ್ತು. ಅದೇ ಕಾಲೇಜಿನಲ್ಲಿ ಮೂರನೇ ವರ್ಷ ಓದುವ ಪಕ್ಕದ ಮನೆಯ ಅಕ್ಕ ಹೇಳಿದ್ದು.

“ಸಂದರ್ಶನ ಶುರುವಾಗೋದು ಒಳಗಲ್ಲ ಕಣೇ, ಹೊರಗಿನ ಬೆಂಚಿನ ಮೇಲೆ. ನಮ್ಮ ವರ್ಷ ಯಾರೋ ಒಬ್ರು ಕೈಗೆ ಬ್ಯಾಂಡೇಜ್ ಸುತ್ಕೊಂಡು ನೀರು ಕೇಳ್ತಾ ಕೂತಿದ್ರು, ಆಮೇಲೆ ನೋಡಿದ್ರೆ ಅವರೇ ಪ್ರಿನ್ಸಿಪಾಲರು!”

ಅರ್ಜಿ ಹಾಕಿದವರ ಮನೆಮನೆಯಲ್ಲೂ ಆ ಮಾತು ಆಗಲೇ ಓಡಾಡಿಯಾಗಿತ್ತು. ಆದರೆ ಗುಬ್ಬಿಯಷ್ಟು ಗಟ್ಟಿಯಾಗಿ ಅದನ್ನು ನಂಬಿದವರು ಇರಲಾರರು. ಅಜ್ಜಿಯ ಕಥೆ ಕೇಳಿ ಬೆಳೆದವಳು ಅವಳು. ದಾರಿಬದಿಯಲ್ಲಿ ಕೂತು ನೀರು ಕೇಳುವ ಮುದುಕಿ ಯಾವ ಕಥೆಯಲ್ಲೂ ಬರೀ ಮುದುಕಿಯಾಗಿರಲಿಲ್ಲ.

“ಡಾಕ್ಟ್ರನ್ನ ಕರೀಲಾ ಅಜ್ಜಿ?”

“ಬೇಡಮ್ಮ, ಬೇಡ. ಸ್ವಲ್ಪ ಗಾಳಿ ಬಂದ್ರೆ ಸರಿಹೋಗುತ್ತೆ. ಆ ಮೆಟ್ಟಿಲ ಹತ್ರ ಕಿಟಕಿ ಇದೆಯಲ್ಲ, ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?”

ಮೆಟ್ಟಿಲು ಕಾರಿಡಾರಿನ ತಿರುವಿನ ಆಚೆ. ಅಲ್ಲಿಂದ ಬಾಗಿಲು ಕಾಣದು. ಗುಬ್ಬಿ ಒಂದು ಕ್ಷಣ ತಡವರಿಸಿದಳು.

“ನಂಬರು ಕೂಗಿದ್ರೆ ಅಲ್ಲಿಗೂ ಕೇಳ್ಸುತ್ತೆ ಬಿಡು,” ಎಂದಳು ಮುದುಕಿ. “ನಿಂದೆಷ್ಟು?”

“ನಾಲ್ಕು.”

“ಓ, ನೀನೇನಾ!”

ಗುಬ್ಬಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತನ್ನ ಹೆಸರು ಆಗಲೇ ಗುರುತಿನಲ್ಲಿದೆ!

ಮುದುಕಿಯನ್ನು ನಡೆಸಿಕೊಂಡು ಹೋದಳು. ಕಿಟಕಿಯ ಕೆಳಗೆ ಕೂರಿಸಿದಳು. ನೀರು ಕುಡಿಸಿದಳು, ಅರ್ಜಿಯ ಜೆರಾಕ್ಸ್ ಪ್ರತಿಯಿಂದ ಗಾಳಿ ಬೀಸಿದಳು, ಪಾದ ಒತ್ತಿದಳು. ಕೇಳದಿದ್ದರೂ ‘ನರ್ಸ್ ಯಾಕಾಗಬೇಕು’ ಎಂಬುದಕ್ಕೆ ಉತ್ತರ ಒಪ್ಪಿಸಿದಳು. ಎಲ್ಲಿಯೂ ತಡೆಯಲಿಲ್ಲ.

“ಎಷ್ಟು ಚೆನ್ನಾಗಿ ಮಾತಾಡ್ತೀಯಮ್ಮ,” ಎಂದಳು ಮುದುಕಿ. ದನಿಯಲ್ಲಿ ನಿಜವಾದ ಕಳವಳವಿತ್ತು. “ನನ್ನ ಮೊಮ್ಮಗಳಿಗೆ ನಾಲ್ಕು ಮಾತು ಜೋಡಿಸೋಕೆ ಬರಲ್ಲ. ನೀನು ಒಳಗೆ ಹೋದ್ರೆ ಸಾಕು, ಸೀಟು ನಿಂದೇ.”

ಅಷ್ಟರಲ್ಲಿ ಗುಮಾಸ್ತನ ಕೂಗು ತೇಲಿಬಂತು. “ನಂಬರ್ ನಾಲ್ಕು!”

ಗುಬ್ಬಿ ಅರ್ಧ ಎದ್ದಳು. ಮುದುಕಿ ಅವಳ ಕೈ ಬಿಗಿಯಾಗಿ ಹಿಡಿದು, ಕಣ್ಣು ಮೇಲೆ ಮಾಡಿದಳು.

“ಹೋಗಮ್ಮ, ಹೋಗು... ನನಗೇನಾದ್ರೂ ಆಗಲಿ. ನಿನ್ನ ಕೆಲಸ ನೋಡ್ಕೋ.”

ಗುಬ್ಬಿ ಕೂತಳು. ಎಂಥ ಜಾಣ ಪರೀಕ್ಷೆ! ನರಳುವ ಜೀವ ಇತ್ತ, ಬೇಕಾದ ಸೀಟು ಅತ್ತ. ಇಲ್ಲಿ ಎದ್ದವಳು ಕೆಟ್ಟಳು.

“ರೋಗೀನ ಬಿಟ್ಟು ಹೋಗೋಳು ನರ್ಸೇ ಅಲ್ಲ ಅಜ್ಜಿ,” ಎಂದಳು, ಗೋಡೆಯ ಹಿಂದೆ ಯಾರಾದರೂ ಬರೆದುಕೊಳ್ಳುತ್ತಿದ್ದರೆ ಅವರಿಗೂ ಕೇಳುವಷ್ಟು ಜೋರಾಗಿ.

“ನಂಬರ್ ನಾಲ್ಕು!”

ಮುದುಕಿಯ ಹಿಡಿತ ಇನ್ನಷ್ಟು ಬಿಗಿಯಾಯಿತು. ಗುಬ್ಬಿ ಅವಳ ಬೆನ್ನು ನೇವರಿಸಿದಳು.

“ನಂಬರ್ ನಾಲ್ಕು, ಕಡೇ ಸಲ!”

ಗುಬ್ಬಿ ತಿರುವಿನತ್ತ ಒಮ್ಮೆ ನೋಡಿದಳು. ಆದರೂ ಅಲುಗಲಿಲ್ಲ. “ನಂಬರ್ ಐದು!” ಎಂದದ್ದೂ ಕೇಳಿತು, ಬಾಗಿಲು ಮುಚ್ಚಿದ್ದೂ ಕೇಳಿತು. ಪಾಪ, ಶಾಸ್ತ್ರಕ್ಕೆ ಅವಳನ್ನೂ ಒಂದು ಸಲ ಮಾತಾಡಿಸಬೇಕಲ್ಲ, ಎಂದುಕೊಂಡಳು.

ಹದಿನೈದು ನಿಮಿಷ ಕಳೆಯಿತು. ಬಾಗಿಲು ಮತ್ತೆ ತೆರೆದ ಸದ್ದು.

ಮುದುಕಿಯ ನರಳಿಕೆ ಚಕ್ಕನೆ ನಿಂತಿತು. ಗುಬ್ಬಿಯ ಕೈ ಬಿಟ್ಟು, ಗೋಡೆಯ ಆಸರೆಯೂ ಇಲ್ಲದೆ ಎದ್ದು ನೆಟ್ಟಗೆ ನಿಂತಳು. ಒಂದು ಕ್ಷಣ ಗುಬ್ಬಿಯ ತಲೆಯ ಮೇಲೆ ಕೈಯಿಟ್ಟಳು.

“ಒಳ್ಳೇ ಹುಡುಗಿ ನೀನು,” ಎಂದಳು. “ನಿನ್ನ ಮರೆಯೋದಿಲ್ಲ.”

ಬಂತು, ಆ ಗಳಿಗೆ ಬಂದೇಬಿಟ್ಟಿತು! ಗುಬ್ಬಿ ಕೂದಲು ಸರಿಮಾಡಿಕೊಂಡು, ಸರ್ಟಿಫಿಕೇಟುಗಳನ್ನು ಎದೆಗೊತ್ತಿ ಎದ್ದು ನಿಂತಳು.

ತಿರುವಿನಿಂದ ನೀಲಿ ಫೈಲಿನ ಹುಡುಗಿ ಓಡಿಬಂದಳು.

“ಸಿಕ್ತು ಅಜ್ಜಿ! ಸಾಕು, ಇನ್ನು ನರಳಬೇಡ. ನಡಿ, ಮನೆಗೆ ಹೋಗೋಣ.”