ದಾನಿಯ ಮುಖ

"ಪ್ಲಗ್ ಕಿತ್ತುಬಿಡ್ತೀನಿ ನೋಡು!" ಎಂದು ಪೀಠೋಪಕರಣ ಅಂಗಡಿಯ ಸಾಹುಕಾರರು ಗೋಡೆಗೆ ಕೈ ಹಾಕಿದರು. ಶಾಲೆಗೆಂದು ಅವರು ದಾನ ಕೊಟ್ಟ ಹಳೇ ಕಂಪ್ಯೂಟರುಗಳು ರಿಪೇರಿಯಾಗಿ ಸಾಲಾಗಿ ಕೂತಿದ್ದವು. "ಆನ್ ಮಾಡಿದ ತಕ್ಷಣ ನನ್ನ ಫೋಟೋ ಕಾಣ್ಬೇಕು ಅಂದಿದ್ನಲ್ಲ, ಎಲ್ಲಿ? ಕಾಣಿಸ್ಲಿಲ್ವೋ, ಎಲ್ಲಾನೂ ಗುಜರಿಗೆ ಹಾಕ್ತೀನಿ."

"ಬಂತಲ್ಲ ಸಾಹುಕಾರ್ರೇ. ನೀವು ರೆಪ್ಪೆ ಬಡಿದ್ರಿ, ಹೋಯ್ತು," ಎಂದಳು ರಿಪೇರಿಯವಳು, ಸ್ಕ್ರೂಡ್ರೈವರ್ ಕೆಳಗಿಡದೆ. ಅವರ ಅಂಗಡಿಯಲ್ಲಿದ್ದಾಗ ಆ ಯಂತ್ರಗಳು ಏಳುವಷ್ಟರಲ್ಲಿ ಊಟ ಮುಗಿಸಿ ಕೈ ತೊಳೆದು ಬರಬಹುದಿತ್ತು. ಇವಳು ಹಳೆಯದನ್ನೆಲ್ಲ ಅಳಿಸಿ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ಉಚಿತ ಲಿನಕ್ಸ್ ತಂತ್ರಾಂಶ ಹಾಕಿದ್ದೇ ತಡ, ಬಾಲ ತುಳಿದ ಬೆಕ್ಕಿನಂತೆ ಚಂಗನೆ ಏಳತೊಡಗಿದ್ದವು.

"ಬಿಟ್ಟಿ ಸಾಮಾನು ಹಾಕಿ ನನ್ನ ಮುಖಾನೇ ಓಡಿಸ್ತೀಯಾ? ನಿಧಾನ ಮಾಡು!"

"ಮಾಡಲ್ಲ. ಮಕ್ಕಳು ಕಾಯ್ಬೇಕಾಗುತ್ತೆ."

"ಹಾಗಾದ್ರೆ ಯಾವ ಪರದೆ ಜಾಸ್ತಿ ಹೊತ್ತು ನಿಲ್ಲುತ್ತೋ ಅಲ್ಲಿ ಹಾಕು. ದೊಡ್ಡದಾಗಿ!"

ಸ್ಕ್ರೂಡ್ರೈವರ್ ಮೊದಲ ಸಲ ಮೇಜಿಗಿಳಿಯಿತು. "ಅಲ್ಲಿ ಬೇಡ ಸಾಹುಕಾರ್ರೇ."

"ನನಗೇ ಬುದ್ಧಿ ಹೇಳ್ತೀಯಾ? ಹಾಕು ಅಂದ್ರೆ ಹಾಕು!"

"ಆಯ್ತು, ನಿಮ್ಮಿಷ್ಟ," ಎಂದು ಅವಳು ಕೀಲಿಮಣೆ ಎಳೆದುಕೊಂಡಳು. ಸಾಹುಕಾರರು ಪ್ಲಗ್ ಬಿಟ್ಟು, ಗೆದ್ದ ಮುಖ ಮಾಡಿಕೊಂಡು ಹೋದರು.

ಅಲ್ಲಾಡದೆ ನಿಲ್ಲುವ ಪರದೆ ಆ ಯಂತ್ರಗಳಲ್ಲಿ ಇದ್ದದ್ದು ಒಂದೇ, ಯಂತ್ರ ಕೆಟ್ಟಾಗ ಬರುವುದು. ಈಗ ಆ ಶಾಲೆಯಲ್ಲಿ ಕಂಪ್ಯೂಟರ್ ಕೆಟ್ಟಿತು ಎಂದು ಯಾರೂ ಹೇಳುವುದಿಲ್ಲ. "ಮಿಸ್, ಸಾಹುಕಾರ್ರು ಬಂದ್ರು!" ಎಂದು ಮಕ್ಕಳು ಕೂಗುತ್ತಾರೆ, ಟೀಚರ್ ಬಂದು ಕಂಪ್ಯೂಟರಿನ ನೆತ್ತಿಯ ಮೇಲೆ ಎರಡು ಬಿಗಿಯುತ್ತಾರೆ.